ಇಳಿತದ ಹೊತ್ತಿಗೆ ತೋನ್ಸೆಪಾರ್

(ಉಡುಪಿಯ ಒಂದು ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಲೆಕ್ಕ ತೆಗೆದುಕೊಳ್ಳೋಣ. ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರು ಕೈ ಎತ್ತಿ. ಸರಿ, ಮುಕ್ಕಾಲು ಪಾಲು ಜನ ಇದ್ದೀರಿ. ಅಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇದ್ದವರು? ಹತ್ತು ಹನ್ನೆರಡು ಕೈ. ಕಲ್ಲಿನ ಸಂದಿಯಲ್ಲಿ ನಿಂತ ನೀರಿಗೆ ಬಗ್ಗಿ ನೋಡಿದವರು? ಇಬ್ಬರು. ಆ ಇಬ್ಬರಿಗೆ ನಾನು ಹೇಳುವುದರಲ್ಲಿ ಹೊಸತು ಹೆಚ್ಚೇನೂ ಇರಲಿಕ್ಕಿಲ್ಲ. ಉಳಿದವರಿಗಾಗಿ ಇವತ್ತಿನ ಮಾತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಆ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೊದಲ ಸಲದ್ದು ಇನ್ನೂ ನೆನಪಿದೆ. ಅವತ್ತು ಹುಣ್ಣಿಮೆ. ನಾವು ದ್ವೀಪ ಮುಟ್ಟುವಾಗ ಹನ್ನೊಂದೂವರೆ. ಮಕ್ಕಳಿಗೆ ಕಲ್ಲಿನ ಕಂಬ ತೋರಿಸಬೇಕು, ಕಲ್ಲಿನ ಗುಂಡಿಗಳಲ್ಲಿ ಬದುಕುವ ಜೀವಿಗಳನ್ನು ತೋರಿಸಬೇಕು ಎಂದೆಲ್ಲ ವಾರದಿಂದ ತಯಾರಿ ಮಾಡಿದ್ದೆ. ಅಲ್ಲಿ ನೋಡಿದರೆ ನೀರು ಕಂಬಗಳ ಬುಡದವರೆಗೆ ಬಂದು ಹೊಡೆಯುತ್ತಿತ್ತು. ಪಡುವಣ ಬದಿಯ ಕಲ್ಲುಹಾಸು ಪೂರ್ತಿ ಮುಳುಗಿತ್ತು. ಒಬ್ಬ ಹುಡುಗ ಚಪ್ಪಲಿ ತೆಗೆದು ನೀರಿಗಿಳಿದ. ಕಲ್ಲಿಗೆ ಅಂಟಿದ್ದ ಚಿಪ್ಪು ಅವನ ಪಾದವನ್ನು ಬ್ಲೇಡಿನ ಹಾಗೆ ಸೀಳಿತು. ಕರವಸ್ತ್ರ ಕಟ್ಟಿ, ಉಳಿದ ಮಕ್ಕಳನ್ನೂ ಎಬ್ಬಿಸಿಕೊಂಡು ವಾಪಸ್ ಬಂದೆವು.

ಬರುವಾಗ ಬೋಟಿನವರು ನನ್ನ ಹತ್ತಿರ ಕೇಳಿದರು: "ಟೀಚರ್, ಇವತ್ತು ಯಾಕೆ ಬಂದದ್ದು ನೀವು? ಹುಣ್ಣಿಮೆ ಅಲ್ವಾ ಮಾರಾಯ್ರೆ, ಈ ಹೊತ್ತಿಗೆ ಭರತ. ಕಲ್ಲು ನೋಡ್ಲಿಕ್ಕೆ ಬರುವುದಾದ್ರೆ ಇಳಿತ ನೋಡಿ ಬರ್ಬೇಕು."

ಅವರು ಹೇಳಿದ್ದನ್ನೇ ನಾನು ಇವತ್ತು ಬಿಡಿಸಿ ಹೇಳುವುದು. ದ್ವೀಪಕ್ಕೆ ಹೋಗುವವರು ರಜೆಯ ಕ್ಯಾಲೆಂಡರ್ ನೋಡುತ್ತಾರೆ, ಹವಾಮಾನ ನೋಡುತ್ತಾರೆ, ಟಿಕೆಟಿನ ದರ ನೋಡುತ್ತಾರೆ. ಕಡಲಿನ ಹೊತ್ತು ನೋಡುವುದಿಲ್ಲ. ಅಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ತೀರ್ಮಾನಿಸುವುದು ಅದೇ.

ಕಡಲಿನ ಲೆಕ್ಕ ಕಷ್ಟದ್ದೇನಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಅದು ಭರತ. ಎರಡು ಸಲ ಇಳಿಯುತ್ತದೆ, ಅದು ಇಳಿತ. ಒಂದು ಭರತದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಚಂದ್ರ ದಿನವೂ ತಡವಾಗಿ ಹುಟ್ಟುತ್ತಾನಲ್ಲ, ಹಾಗೆ ಭರತವೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಎರಡೂ ಕಮ್ಮಿ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಈ ಏರಿಳಿತ 10 ಮೀಟರ್ ಕೂಡ ಆಗುತ್ತದೆ. ನಮ್ಮಲ್ಲಿ ದೊಡ್ಡ ದಿನಗಳಲ್ಲಿ ಒಂದೂವರೆ ಮೀಟರ್ ಆಸುಪಾಸು, ಅಷ್ಟೇ. ಆದರೆ ಸಮತಟ್ಟಾದ ಕಲ್ಲುಹಾಸಿನ ಮೇಲೆ ಒಂದೂವರೆ ಮೀಟರ್ ಎಂದರೆ ಒಂದು ಇಡೀ ಲೋಕ ಮುಳುಗುವುದಕ್ಕೂ ಮೇಲೇಳುವುದಕ್ಕೂ ಸಾಕು.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ದಿನ ಭರತ ಬರುವುದು ಮಧ್ಯಾಹ್ನದ ಆಸುಪಾಸಿಗೆ. ಇಳಿತ ಬೆಳಗಿನ ಜಾವ ಮತ್ತು ಸಂಜೆ. ಆ ಎರಡು ಹೊತ್ತಿನಲ್ಲೂ ಬೋಟಿಲ್ಲ. ಹಾಗಾಗಿ ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದು ಮೂರು ನಾಲ್ಕು ದಿನ ಬಿಟ್ಟು ಹೋಗಿ. ಚೌತಿ, ಪಂಚಮಿಯ ಹೊತ್ತಿಗೆ ಇಳಿತ ಎಂಟು ಒಂಬತ್ತು ಗಂಟೆಯ ಕಡೆ ಜಾರಿರುತ್ತದೆ. ಬೆಳಿಗ್ಗೆಯ ಮೊದಲ ಬೋಟು ಹಿಡಿದರೆ ನೀರು ಇನ್ನೂ ಕೆಳಗೇ ಇರುತ್ತದೆ. ಸರಿಯಾದ ಗಂಟೆ ನಿಮಿಷ ಬೇಕಿದ್ದರೆ ಮೊಬೈಲಿನಲ್ಲೇ ಭರತ ಇಳಿತದ ಪಟ್ಟಿ ಸಿಗುತ್ತದೆ. ಮೀನುಗಾರರನ್ನು ಕೇಳಿದರೆ ಇನ್ನೂ ಒಳ್ಳೆಯದು. ಅವರು ಗಾಳಿಯನ್ನೂ ಸೇರಿಸಿ ಹೇಳುತ್ತಾರೆ.

ಬೆಳಿಗ್ಗೆ ಹೋಗಿ ಎನ್ನುವುದಕ್ಕೆ ಗಾಳಿಯೂ ಒಂದು ಕಾರಣ. ರಾತ್ರಿ ನೆಲ ಬೇಗ ತಣಿಯುತ್ತದೆ. ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಬೀಸುತ್ತಿರುತ್ತದೆ, ಕಡಲು ಎಣ್ಣೆ ಹಚ್ಚಿದ ಹಾಗೆ ಸಪಾಟಾಗಿರುತ್ತದೆ. ಮಧ್ಯಾಹ್ನದ ಮೇಲೆ ಕಾದ ನೆಲದತ್ತ ಕಡಲಿನ ಗಾಳಿ ನುಗ್ಗುತ್ತದೆ, ತೆರೆ ಎದ್ದುಕೊಳ್ಳುತ್ತದೆ. ಬೋಟಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಇದು ನೆನಪಿರಲಿ.

ಈಗ ಬೋಟು ಹತ್ತೋಣ.

ಮಲ್ಪೆ ಬಂದರಿನಲ್ಲಿ ಸಾಲುಸಾಲು ಟ್ರಾಲರ್‌ಗಳು, ಪರ್ಸಿನ್ ಬೋಟುಗಳು. ಐಸ್ ಪುಡಿ ಮಾಡುವ ಸದ್ದು. ಬೂತಾಯಿ, ಬಂಗುಡೆಯ ಬುಟ್ಟಿಗಳು. ಮೇಲೆ ಗರುಡಗಳು ಸುತ್ತು ಹಾಕುತ್ತಿರುತ್ತವೆ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ನಮಗೆ ದಿನಾ ಕಂಡು ಅಭ್ಯಾಸವಾಗಿದೆ. ಬೆಂಗಳೂರಿನಿಂದ ಬಂದ ನನ್ನ ಅಕ್ಕನ ಮೊಮ್ಮಗಳು ಅದನ್ನು ನೋಡಿ ಬಾಯಿ ತೆರೆದು ನಿಂತಿದ್ದಳು. ಬಂದರು ದಾಟಿ ಆರು ಕಿಲೋಮೀಟರ್ ಆದರೆ ದ್ವೀಪ. ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯಲ್ಲಿ ಮೊಬೈಲ್ ಒಳಗಿಟ್ಟು ನೀರು ನೋಡಿ. ಅದೃಷ್ಟವಿದ್ದರೆ ಡಾಲ್ಫಿನ್ ಬೆನ್ನು ಕಾಣುತ್ತದೆ. ನಮ್ಮ ಕಡೆ ದಡಕ್ಕೆ ಹತ್ತಿರ, ಹೊಳೆ ಕಡಲು ಸೇರುವ ಅಳಿವೆಗಳ ಸುತ್ತಮುತ್ತ ಓಡಾಡುವುದು ಬೆನ್ನಿನ ಮೇಲೆ ಡುಬ್ಬ ಇರುವ ಜಾತಿ. ಅದು ಸಿನೆಮಾದ ಡಾಲ್ಫಿನ್ ಥರ ಮೇಲೆ ಹಾರುವುದು ಕಮ್ಮಿ. ನಿಧಾನವಾಗಿ ಒಮ್ಮೆ ಬೆನ್ನು ತೋರಿಸಿ ಮುಳುಗುತ್ತದೆ.

ದ್ವೀಪ ಎಂದು ಒಂದರ ಹಾಗೆ ಹೇಳುತ್ತೇವೆ. ದೊಡ್ಡವು ಲೆಕ್ಕ ಹಿಡಿದರೆ ನಾಲ್ಕು ಇವೆ, ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ. ನಾವು ಇಳಿಯುವುದು ತೆಂಗಿನ ಮರಗಳಿರುವ ಒಂದರಲ್ಲಿ ಮಾತ್ರ. ಇನ್ನೊಂದರ ಹೆಸರು ದರಿಯಾ ಬಹದ್ದೂರ್ ಗಡ. ಕೆಳದಿಯ ಅರಸರ ಕಾಲದಲ್ಲಿ ಅಲ್ಲಿ ಕೋಟೆ ಕಟ್ಟಿದರು ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಎಂಬ ಮಾತು ಎಲ್ಲರಿಗೂ ಗೊತ್ತು. ಆದರೆ ನಮ್ಮ ಮೀನುಗಾರರ ಬಾಯಲ್ಲಿ ಅದು ತೋನ್ಸೆಪಾರ್. ಎದುರಿನ ದಡದ ತೋನ್ಸೆ ಊರಿನ ಹೆಸರು ಅದರಲ್ಲಿದೆ. ನನಗೆ ಆ ಹೆಸರೇ ಇಷ್ಟ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಾವೆಲ್ಲ ಹುಟ್ಟಿ ಬೆಳೆದದ್ದು ಮುರಕಲ್ಲಿನ ಮನೆಗಳಲ್ಲಿ. ಕೆಂಪು, ತೂತುತೂತು, ಮಳೆಗೆ ಪಾಚಿ ಹಿಡಿಯುವ ಕಲ್ಲು. ಮಲ್ಪೆಯ ದಡದಲ್ಲೂ ಮಣಿಪಾಲದ ಗುಡ್ಡದಲ್ಲೂ ಅದೇ. ಆದರೆ ಆರು ಕಿಲೋಮೀಟರ್ ಆಚೆ ಹೋದ ಕೂಡಲೇ ಕಲ್ಲು ಪೂರ್ತಿ ಬೇರೆ. ಬೂದು ಬಣ್ಣದ ಕಂಬಗಳು, ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಯಾರೋ ಉಳಿಯಲ್ಲಿ ಕೆತ್ತಿ ಜೋಡಿಸಿಟ್ಟ ಹಾಗೆ. ಕೆಲವು ಕಡೆ ಆರು ಮೀಟರ್ ಎತ್ತರ ಕೂಡ ಇವೆ. ಹೆಚ್ಚಿನವು ನೆಟ್ಟಗೆ ನಿಂತಿವೆ, ಕೆಲವು ಸ್ವಲ್ಪ ವಾಲಿವೆ. ಮೇಲಿನಿಂದ ನೋಡಿದರೆ ಜೇನಿನ ಹಲ್ಲೆಯ ಹಾಗೆ ಆರು ಮೂಲೆ. ಎಲ್ಲದಕ್ಕೂ ಆರಲ್ಲ. ಐದು ಮೂಲೆಯವು ಇವೆ, ಏಳರವು ಇವೆ, ನಾಲ್ಕರವೂ ಸಿಗುತ್ತವೆ. ಮಕ್ಕಳಿಗೆ ಎಣಿಸಲು ಹೇಳಿ. ನನ್ನ ಶಿಷ್ಯರು ಒಂದು ಗಂಟೆ ಎಣಿಸಿದ್ದುಂಟು, ಜಗಳ ಮಾಡಿಕೊಂಡದ್ದೂ ಉಂಟು.

ಇದು ಹೇಗಾಯಿತು? ಬೇಸಿಗೆಯಲ್ಲಿ ಕೆರೆ ಬತ್ತಿದ ಮೇಲೆ ಕೆಸರು ಬಿರುಕು ಬಿಡುವುದನ್ನು ನೋಡಿದ್ದೀರಿ ಅಲ್ವಾ? ನೀರು ಆರಿದ ಕೆಸರು ಕುಗ್ಗುತ್ತದೆ. ಕುಗ್ಗುವಾಗ ಎಳೆತ ತಾಳಲಾರದೆ ಒಡೆಯುತ್ತದೆ. ಇಲ್ಲಿ ಆರಿದ್ದು ನೀರಲ್ಲ, ಬಿಸಿ. ನೆಲದೊಳಗಿಂದ ಉಕ್ಕಿ ಬಂದ ಲಾವಾ ಗಟ್ಟಿಯಾಗಿ, ತಣಿಯುತ್ತಾ ಕುಗ್ಗಿತು. ಮೇಲ್ಮೈಯಲ್ಲಿ ಬಿರುಕು ಶುರುವಾಯಿತು. ತಣಿಯುವುದು ಒಳಗೆ ಇಳಿದ ಹಾಗೆ ಬಿರುಕೂ ಕೆಳಗೆ ಇಳಿಯಿತು. ಹಾಗೆ ಕಂಬವಾಯಿತು. ಒಂದು ಜಾಗದಲ್ಲಿ ಮೂರು ಬಿರುಕುಗಳು ಸಮನಾಗಿ ಹಂಚಿಕೊಂಡು ಕೂಡಿದರೆ ಪ್ರತಿ ಮೂಲೆ 120 ಡಿಗ್ರಿ. ಆ ಮೂಲೆಗಳು ಸುತ್ತುಗಟ್ಟಿದರೆ ಆರು ಬದಿಯ ಕಂಬ. ಎಲ್ಲ ಕಡೆ ಒಂದೇ ರೀತಿ ತಣಿಯುವುದಿಲ್ಲ, ಆದ್ದರಿಂದಲೇ ಐದು, ಏಳು ಬದಿಯವೂ ಬಂದವು. ಐರ್ಲೆಂಡಿನ ಉತ್ತರ ದಡದಲ್ಲೂ ಇಂಥ ಸುಮಾರು 40 ಸಾವಿರ ಕಂಬಗಳಿವೆ. ಅದನ್ನು ನೋಡಲು ಜನ ವಿಮಾನ ಹತ್ತಿ ಹೋಗುತ್ತಾರೆ. ನಮಗೆ ಸಿಟಿ ಬಸ್ಸು ಮತ್ತು ಬೋಟು ಸಾಕು.

ಎಷ್ಟೋ ಕಡೆ ಇದನ್ನು ಬಸಾಲ್ಟ್ ಎಂದು ಬರೆದಿರುತ್ತಾರೆ. ಕಲ್ಲನ್ನು ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಹೇಳುವುದು ಬೇರೆ. ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಜಾತಿಯ ಕಲ್ಲು. ಮಹಾರಾಷ್ಟ್ರದ ಕಪ್ಪು ಬಸಾಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷ ಹಿಂದೆ. ನಮ್ಮ ಕಂಬಗಳಿಗೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಆಗ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು. ಆಗ ಮಲ್ಪೆಯ ಪಡುವಣಕ್ಕೆ ಅರಬ್ಬಿ ಸಮುದ್ರ ಇರಲಿಲ್ಲ. ಮಡಗಾಸ್ಕರ್ ಇತ್ತು. ನಮ್ಮ ನೆಲವೂ ಅದೂ ಒಂದಕ್ಕೊಂದು ತಾಗಿಕೊಂಡಿದ್ದವು. ಅವು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಮಡಗಾಸ್ಕರ್‌ನಲ್ಲೂ ಅದೇ ವಯಸ್ಸಿನ ಲಾವಾ ಕಲ್ಲು ಇದೆ. ಒಡೆದ ತಟ್ಟೆಯ ಎರಡು ಚೂರುಗಳ ಅಂಚಿನ ಹಾಗೆ. ಈಗ ಆ ಎರಡು ಅಂಚುಗಳ ನಡುವೆ ಸುಮಾರು 4 ಸಾವಿರ ಕಿಲೋಮೀಟರ್ ನೀರು. ಬೇರೆಯಾದ ಮೇಲೆ ನಮ್ಮ ನೆಲ ಉತ್ತರಕ್ಕೆ ಸಾಗಿತು. ಏಷ್ಯಾಕ್ಕೆ ಗುದ್ದಿ ಹಿಮಾಲಯ ಎತ್ತಿತು. ಈಗಲೂ ನಮ್ಮ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಲೇ ಇದೆ.

ನಾನು ದ್ವೀಪಕ್ಕೆ ಹೋದಾಗಲೆಲ್ಲ ಪಡುವಣ ತುದಿಯ ಕಂಬದ ಮೇಲೆ ಕೂತು ಆ ಕಡೆ ನೋಡುತ್ತೇನೆ. ಬರೀ ನೀರು. ಅದರಾಚೆ ನಮ್ಮ ನೆಲದ ಇನ್ನೊಂದು ತುಂಡು ಇದೆ ಎಂದು ನೆನೆದರೆ ಮೈ ಜುಮ್ ಎನ್ನುತ್ತದೆ. ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಇಂಥದ್ದು ನೋಡಲು ಸಿಗುವ ಪುಣ್ಯ ಎಷ್ಟು ಊರಿನವರಿಗಿದೆ ಹೇಳಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕು. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಕಡೆಯ ಒಂದು, ಮತ್ತೆ ನಮ್ಮದು. ಕಲ್ಲಿನ ಮೇಲೆ ಹೆಸರು ಕೆತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂಬತ್ತು ಕೋಟಿ ವರ್ಷದ ಕಲ್ಲಿನ ಮೇಲೆ ಒಂದು ಹೃದಯ, ಅದರ ನಡುವೆ ಒಂದು ಬಾಣ. ಅವತ್ತು ನನಗೆ ಊಟ ಸೇರಲಿಲ್ಲ.

ಕಂಬಗಳಿಂದ ಕೆಳಗಿಳಿದರೆ ಇಳಿತದಲ್ಲಿ ತೆರೆದುಕೊಂಡ ಕಲ್ಲುಹಾಸು. ನನ್ನ ಪ್ರಕಾರ ದ್ವೀಪದ ಬೆಲೆಬಾಳುವ ಜಾಗ ಇದೇ. ಫೋಟೋಗೆ ಚಂದ ಇಲ್ಲ. ಹಸಿರು ಪಾಚಿ, ಕಪ್ಪು ಕಲ್ಲು, ಉಪ್ಪುನೀರಿನ ವಾಸನೆ. ಆದರೆ ನೀರು ನಿಂತ ಒಂದು ಗುಂಡಿಯ ಪಕ್ಕ ಕೂತುಕೊಳ್ಳಿ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ಕೂರಬೇಕು. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯುತ್ತದೆ. ಅದು ಶಂಖದ ಹುಳವಲ್ಲ, ಸತ್ತ ಹುಳದ ಚಿಪ್ಪಿನೊಳಗೆ ಸೇರಿಕೊಂಡ ಸಂನ್ಯಾಸಿ ಏಡಿ. ಕಲ್ಲಿನ ಬಣ್ಣದ್ದೇ ಆದ ಬೆರಳುದ್ದದ ಮೀನು ಕದಲುತ್ತದೆ. ಹೂವಿನ ಹಾಗೆ ಅರಳಿದ್ದು ಸೀ ಅನಿಮೋನ್. ಅದು ಹೂವಲ್ಲ, ಪ್ರಾಣಿ. ಅದರ ಎಸಳಿನಂಥ ತೋಳುಗಳಲ್ಲಿ ವಿಷದ ಸಣ್ಣ ಮುಳ್ಳುಗಳಿವೆ, ಬೆರಳು ಹಾಕಬೇಡಿ. ಕಲ್ಲಿನ ಮೇಲೆ ಸುಣ್ಣದ ಚುಕ್ಕೆಗಳಂತೆ ಕಾಣುವ ಬಾರ್ನಕಲ್‌ಗಳೂ ಜೀವವೇ. ಇಳಿತದಲ್ಲಿ ಅವು ಬಾಗಿಲು ಮುಚ್ಚಿಕೊಂಡಿರುತ್ತವೆ. ಭರತದ ನೀರು ಮುಟ್ಟಿದ ಕೂಡಲೇ ಬಾಗಿಲು ತೆರೆದು, ಗರಿಯಂಥ ಕಾಲುಗಳನ್ನು ಹೊರಗೆ ಚಾಚಿ ನೀರಿನಿಂದ ಆಹಾರ ಬಾಚಿಕೊಳ್ಳುತ್ತವೆ.

ಯೋಚನೆ ಮಾಡಿ, ಈ ಗುಂಡಿಯಲ್ಲಿ ಬದುಕುವುದು ಎಷ್ಟು ಕಷ್ಟ! ಬೆಳಿಗ್ಗೆ ತಣ್ಣನೆಯ ಕಡಲ ನೀರು. ಬಿಸಿಲೇರಿದ ಹಾಗೆ ನೀರು ಕಾಯುತ್ತದೆ, ಆವಿಯಾಗಿ ಉಪ್ಪು ಹೆಚ್ಚುತ್ತದೆ. ಮಳೆ ಬಂದರೆ ಒಮ್ಮೆಲೇ ಸಿಹಿನೀರು. ಆರು ಗಂಟೆ ಕಳೆಯುವಷ್ಟರಲ್ಲಿ ತೆರೆ ಬಂದು ಅಪ್ಪಳಿಸುತ್ತದೆ. ಇದನ್ನೆಲ್ಲ ದಿನಕ್ಕೆ ಎರಡು ಸಲ ಸಹಿಸಿಕೊಂಡು ಅವು ಅಲ್ಲೇ ಸಂಸಾರ ಮಾಡುತ್ತವೆ.

ಅದಕ್ಕೇ ಚಿಪ್ಪು ಹೆಕ್ಕಬೇಡಿ ಎನ್ನುವುದು. ದ್ವೀಪದ ಒಂದು ಬದಿಯಲ್ಲಿ ಮರಳಿಗೆ ಬದಲು ಬರೀ ಚಿಪ್ಪಿನ ರಾಶಿ ಇದೆ. ಕಾಲಿಟ್ಟರೆ ಗಲಗಲ ಎನ್ನುತ್ತದೆ. ಒಂದು ಮುಷ್ಟಿ ತೆಗೆದುಕೊಂಡರೆ ಏನು ಮಹಾ ಎಂದು ಎಲ್ಲರಿಗೂ ಅನಿಸುತ್ತದೆ. ಸಂನ್ಯಾಸಿ ಏಡಿಗೆ ತನ್ನದೇ ಚಿಪ್ಪಿಲ್ಲ. ಅದು ಬೆಳೆದ ಹಾಗೆ ಮನೆ ಬದಲಿಸಬೇಕು. ಖಾಲಿ ಚಿಪ್ಪು ಸಿಗದಿದ್ದರೆ ಅದರ ಮೆತ್ತನೆಯ ಹೊಟ್ಟೆ ಹಕ್ಕಿಗಳ ಪಾಲು. ನನ್ನ ತರಗತಿಯ ಮಕ್ಕಳಿಗೆ ಒಂದು ನಿಯಮ ಮಾಡಿದ್ದೆ. ಚಂದದ ಚಿಪ್ಪು ಕಂಡರೆ ಕೂತು ಅದರ ಚಿತ್ರ ಬರೆಯಿರಿ, ಚಿಪ್ಪು ಅಲ್ಲೇ ಬಿಡಿ. ಆ ಚಿತ್ರಗಳಲ್ಲಿ ಹಲವು ಇನ್ನೂ ನನ್ನ ಬೀರುವಿನಲ್ಲಿವೆ.

ಹಕ್ಕಿಗಳ ಬಗ್ಗೆ ಸ್ವಲ್ಪ. ಮಳೆಗಾಲ ಮುಗಿದ ಮೇಲೆ ಕಡಲಕ್ಕಿಗಳು ಬರುತ್ತವೆ. ಅವುಗಳಲ್ಲಿ ಕಂದು ತಲೆಯವು ಮರಿ ಮಾಡುವುದು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಹತ್ತಿರ. ಚಳಿಗಾಲ ಕಳೆಯಲು ನಮ್ಮೂರಿಗೆ ಬರುತ್ತವೆ. ಇಲ್ಲಿರುವಾಗ ತಲೆಯ ಕಂದು ಬಣ್ಣ ಮಾಸಿ ಕಿವಿಯ ಹತ್ತಿರ ಒಂದು ಚುಕ್ಕೆ ಮಾತ್ರ ಉಳಿದಿರುತ್ತದೆ. ನೀರಿನಂಚಿನಲ್ಲಿ ಬಾಲ ಕುಣಿಸುತ್ತಾ ಓಡುವ ಸಣ್ಣ ಹಕ್ಕಿ ಉಲ್ಲಂಕಿ. ಕಲ್ಲಿನ ತುದಿಯಲ್ಲಿ ಬೂದು ಬಣ್ಣದ ಬೆಳ್ಳಕ್ಕಿ ಅಲುಗದೆ ನಿಂತಿರುತ್ತದೆ. ಬಿಳಿ ಹೊಟ್ಟೆಯ ಕಡಲ ಹದ್ದು ಕಂಡರೆ ಆ ದಿನ ಸಾರ್ಥಕ. ದೊಡ್ಡ ಹಕ್ಕಿ, ಹಾರುವಾಗ ರೆಕ್ಕೆ ಮೇಲಕ್ಕೆತ್ತಿ ಹಿಡಿಯುತ್ತದೆ. ಮೀನನ್ನೂ ಕಡಲ ಹಾವನ್ನೂ ಎತ್ತಿಕೊಂಡು ಹೋಗುತ್ತದೆ. ಎತ್ತರದ ಮರದಲ್ಲಿ ಗೂಡು ಕಟ್ಟಿ ವರ್ಷ ವರ್ಷವೂ ಅದಕ್ಕೇ ಕಡ್ಡಿ ಸೇರಿಸುತ್ತದೆ. ಅಂಥ ಒಂದು ಮರ ಕಡಿದರೆ ಎಷ್ಟೋ ವರ್ಷದ ಮನೆ ಹೋಯಿತು ಎಂದೇ ಲೆಕ್ಕ.

ಈಜುವ ಮಾತು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಮುಳುಗಿ ತೀರಿಕೊಂಡರು. ಕಲ್ಲಿನ ಮೇಲಿನ ಪಾಚಿ ಸೋಪಿನಷ್ಟು ಜಾರುತ್ತದೆ. ಕಲ್ಲು ಒಮ್ಮೆಲೇ ಮುಗಿದು ಆಳ ಶುರುವಾಗುತ್ತದೆ. ಹತ್ತು ತೆರೆ ಸಣ್ಣದು ಬಂದು ಹನ್ನೊಂದನೆಯದು ದೊಡ್ಡದು ಬರಬಹುದು. ಕೆಂಪು ಬಾವುಟ, ಹಗ್ಗ ಇರುವಲ್ಲಿ ಅದರಾಚೆ ಹೋಗಬೇಡಿ. ಕಾವಲಿನವರು ಸೀಟಿ ಊದಿದರೆ ಸಿಟ್ಟು ಮಾಡಬೇಡಿ. ಫೋಟೋಗೆಂದು ಕಡಲಿಗೆ ಬೆನ್ನು ಹಾಕಿ ಕಲ್ಲಿನ ಅಂಚಿನಲ್ಲಿ ನಿಲ್ಲಲೇಬೇಡಿ. ಕಾಲಿಗೆ ಹಿಂದೆ ಪಟ್ಟಿ ಇರುವ ಗಟ್ಟಿ ಚಪ್ಪಲಿ ಹಾಕಿ. ಆ ಹುಡುಗನ ಪಾದ ನನಗೆ ಇನ್ನೂ ಮರೆತಿಲ್ಲ.

ತಿನ್ನಲು ಕುಡಿಯಲು ಮನೆಯಿಂದಲೇ ಒಯ್ಯಿರಿ. ಸ್ಟೀಲ್ ಬಾಟಲಿಯಲ್ಲಿ ಪುನರ್ಪುಳಿ ಶರಬತ್ತು, ಬಾಳೆ ಎಲೆಯಲ್ಲಿ ಕಟ್ಟಿದ ಬುತ್ತಿ. ಒಯ್ದದ್ದೆಲ್ಲ ವಾಪಸ್ ತನ್ನಿ. ಅಲ್ಲಿ ಬಿಟ್ಟ ಕವರು ಗಾಳಿಗೆ ಹಾರಿ ಕಡಲಿಗೇ ಹೋಗುವುದು. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕವರು ಆಮೆಯ ಕಣ್ಣಿಗೆ ಲೋಳೆ ಮೀನಿನ ಹಾಗೆ ಕಾಣುತ್ತದೆ.

ಕೆಲವರು ಅಲ್ಲಿ ಇನ್ನೂ ಏನೇನೋ ಬೇಕು ಎನ್ನುತ್ತಾರೆ. ಹೋಟೆಲು ಬೇಕು, ಆಟದ ಸಾಮಾನು ಬೇಕು, ರಾತ್ರಿ ಉಳಿಯಲು ಕೋಣೆ ಬೇಕು. ನನಗೆ ಅದು ಒಪ್ಪಿಗೆಯಿಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್ ಆಸುಪಾಸಿನ ಸಣ್ಣ ಜಾಗ ಅದು. ಅದರಲ್ಲಿ ಆಟ ಆಡಲು ಕಲ್ಲಿದೆ, ನೀರಿದೆ, ಏಡಿ ಇದೆ. ಜನರು ಸಾಯಂಕಾಲ ಬೋಟು ಹತ್ತಿ ವಾಪಸ್ ಬಂದ ಮೇಲೆ ರಾತ್ರಿ ಅದು ಹಕ್ಕಿ ಮತ್ತು ಏಡಿಗಳ ಪಾಲಿಗೆ ಉಳಿಯುತ್ತದೆ. ಹಾಗೇ ಇರಲಿ.

ನೀರಿನಲ್ಲಿ ಆಡುವ ಆಸೆ ಜಾಸ್ತಿ ಇರುವವರಿಗೆ ನಮ್ಮ ಸುತ್ತಮುತ್ತ ಬೇರೆ ಜಾಗಗಳಿವೆ. ಮೂಲ್ಕಿಯಲ್ಲಿ ತೆರೆಯ ಮೇಲೆ ಸರ್ಫಿಂಗ್ ಕಲಿಸುತ್ತಾರೆ. ಪಕ್ಕದ ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಹೊಳೆಗಳು ಕೂಡಿ ಕಡಲು ಸೇರುತ್ತವೆ. ಅಲ್ಲಿ ರಾಷ್ಟ್ರ ಮಟ್ಟದ ಸರ್ಫಿಂಗ್ ಪಂದ್ಯಗಳೇ ನಡೆದಿವೆ. ಕಡಲ ಒಳಗೆ ಮುಳುಗಿ ಹವಳ, ಬಣ್ಣದ ಮೀನು ನೋಡಬೇಕೆಂದರೆ ಮುರುಡೇಶ್ವರದಿಂದ 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮಾಡಿಸುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ನೀರು ತಿಳಿಯಾಗಿರುತ್ತದೆ.

ಆದರೆ ನಾನು ಇನ್ನೊಂದು ಜಾತಿಯ ದ್ವೀಪದ ಕಡೆ ನಿಮ್ಮನ್ನು ಕರೆಯುತ್ತೇನೆ. ನಮ್ಮ ಕುದ್ರುಗಳು. ಹೊಳೆಯ ನಡುವಿನ ನೆಲಕ್ಕೆ ಕುದ್ರು ಎನ್ನುವ ಮಾತು ಇಡೀ ಕರಾವಳಿಯಲ್ಲಿದೆ. ಕೆಮ್ಮಣ್ಣಿನ ಹತ್ತಿರ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ತೆಂಗು, ಗದ್ದೆ, ಅಂಗಳದಲ್ಲಿ ಒಣಗಲು ಹಾಕಿದ ಬಲೆ. ಸ್ವಲ್ಪ ಮುಂದೆ ಕೋಡಿಬೇಂಗ್ರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಪಟ್ಟಿ ನೆಲ, ಅದರ ಮೇಲೆ ರಸ್ತೆ. ಸುವರ್ಣಾ, ಸೀತಾ ಹೊಳೆಗಳು ಅಲ್ಲಿ ಕಡಲು ಸೇರುತ್ತವೆ. ಸಾಲಿಗ್ರಾಮದ ಪಾರಂಪಳ್ಳಿ ಕಡೆ ಹಿನ್ನೀರಿನಲ್ಲಿ ಕಯಾಕ್ ಸಿಗುತ್ತದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ನಡುವೆ ಸುಮ್ನೆ ಹುಟ್ಟು ಹಾಕುತ್ತಾ ಹೋಗುವುದು. ಅವುಗಳ ಬೇರುಗಳು ಕೆಸರಿನಿಂದ ಮೇಲೆ ಬಂದು ಉಸಿರಾಡುತ್ತವೆ. ಆ ಬೇರುಗಳ ಸಂದಿಯಲ್ಲೇ ಸಿಗಡಿ, ಏಡಿ, ಎಷ್ಟೋ ಜಾತಿಯ ಮೀನುಮರಿಗಳು ಬೆಳೆಯುವುದು. ಮಿಂಚುಳ್ಳಿಯೊಂದು ನಿಮ್ಮ ಮುಂದೆ ಮುಂದೆ ಹಾರುತ್ತಾ ದಾರಿ ತೋರಿಸುವ ಹಾಗೆ ಹೋಗುತ್ತದೆ. ಇಲ್ಲೂ ಹೊತ್ತು ನೋಡಿಯೇ ಹೋಗಬೇಕು. ಕಡಲಿನ ಭರತ ಹೊಳೆಯೊಳಗೂ ಬರುತ್ತದೆ. ಭರತವಿದ್ದಾಗ ಗಿಡಗಳ ಒಳಗೆ ದೋಣಿ ನುಗ್ಗಬಹುದು. ಇಳಿತವಾದರೆ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ದ್ವೀಪಕ್ಕೆ ಇಳಿತ, ಕಾಂಡ್ಲಾಕ್ಕೆ ಭರತ. ಒಂದೇ ದಿನ ಎರಡೂ ಮಾಡುವುದಾದರೆ ಬೆಳಿಗ್ಗೆ ಅದು, ಮಧ್ಯಾಹ್ನದ ಮೇಲೆ ಇದು. ಕಡಲು ತಾನೇ ಹೊಂದಿಸಿಕೊಟ್ಟಿದೆ.

ಇಷ್ಟು ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

ಒಬ್ಬ ಹುಡುಗ ಕೇಳಿದ: "ಮೇಡಂ, ಕಡಲು ರಾತ್ರಿ ನೀಲಿ ಹೊಳೆಯುತ್ತದಂತೆ, ಅದು ದ್ವೀಪದಲ್ಲಿ ಕಾಣುತ್ತದಾ?"

ಅದು ನಾಕ್ಟಿಲ್ಯೂಕಾ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳ ಬೆಳಕು ಮಗಾ. ನೀರು ಅಲುಗಿದಾಗ ಅವು ಮಿನುಗುತ್ತವೆ. 2020ರ ಕೊನೆಯ ತಿಂಗಳುಗಳಲ್ಲಿ ನಮ್ಮ ಬೀಚುಗಳಲ್ಲಿ ಜನ ರಾತ್ರಿ ಸಾಲುಗಟ್ಟಿ ನಿಂತು ನೋಡಿದರು. ದ್ವೀಪದಲ್ಲಿ ರಾತ್ರಿ ಇರಲು ಬಿಡುವುದಿಲ್ಲ, ದಡದಿಂದಲೇ ನೋಡಬೇಕು. ಅದು ಪ್ರತಿ ವರ್ಷ ಹೇಳಿ ಕೇಳಿ ಬರುವುದಿಲ್ಲ. ಇನ್ನೊಂದು ವಿಷಯ, ಅದು ಬಹಳ ಹೆಚ್ಚಾದರೆ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿ ಮೀನು ದೂರ ಹೋಗಬಹುದು. ನಮಗೆ ಹಬ್ಬವಾದ ರಾತ್ರಿ ಮೀನುಗಾರರಿಗೆ ಹಬ್ಬವಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯಮ್ಮ ಎದ್ದು ನಿಂತರು. "ನನಗೆ ಮೊಣಕಾಲು ನೋವು. ಎಪ್ಪತ್ತೆಂಟು ವರ್ಷ. ಹುಟ್ಟಿದ್ದು ಮಲ್ಪೆಯಲ್ಲೇ, ಆ ದ್ವೀಪಕ್ಕೆ ಒಮ್ಮೆಯೂ ಹೋಗಿಲ್ಲ. ಆಗುತ್ತದಾ?"

ಅಮ್ಮಾ, ಆಗುತ್ತದೆ, ಆದರೆ ನೋಡಿ ಹೋಗಬೇಕು. ದೊಡ್ಡ ಬೋಟು ಕೆಲವೊಮ್ಮೆ ದಡದವರೆಗೆ ಹೋಗುವುದಿಲ್ಲ. ನಡುವೆ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ, ಅದೇ ಕಷ್ಟದ ಜಾಗ. ನವೆಂಬರ್ ಡಿಸೆಂಬರಿನಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ ಹೋಗಿ. ಭಾನುವಾರ ಬೇಡ, ನೂಕುನುಗ್ಗಲು. ಕೈ ಹಿಡಿಯಲು ಇಬ್ಬರು ಜೊತೆಗಿರಲಿ. ಬೋಟಿನವರಿಗೆ ಮೊದಲೇ ಹೇಳಿ, ಅವರು ಅಣ್ಣ ತಮ್ಮಂದಿರ ಹಾಗೆ ಇಳಿಸಿಕೊಳ್ಳುತ್ತಾರೆ. ಕಲ್ಲು ಹತ್ತುವುದು ಬೇಡ. ಇಳಿದ ಕೂಡಲೇ ತೆಂಗಿನ ಮರದ ನೆರಳಿದೆ, ಅಲ್ಲಿಂದಲೇ ಕಂಬಗಳು ಕಾಣುತ್ತವೆ.

"ಯಾರ ಜೊತೆ ಹೋಗುವುದು?" ಎಂದರು.

ಬರುವ ಕಾರ್ತಿಕ ಹುಣ್ಣಿಮೆ ಕಳೆದು ನಾಲ್ಕನೆಯ ದಿನ ನಾನು ಹೋಗುವವಳಿದ್ದೇನೆ. ಬನ್ನಿ, ಒಟ್ಟಿಗೆ ಹೋಗೋಣ ಎಂದೆ.